ಮಾಪಿನ ಕೋಲಿನ ಅಳತೆಗೆ ಸಿಕ್ಕ ಬೈಕು

ಮೋಟಾರ್‌ಸೈಕಲ್ಲಿಗೆ ರಿವರ್ಸ್ ಗೇರ್ ಇರುವುದಿಲ್ಲ ಎಂಬ ವಿಷಯ ಅಗಾತಾಳಿಗೆ ಗೊತ್ತಾದದ್ದು ಅವಳಿಗೆ ಐವತ್ತು ತುಂಬುವ ಹೊತ್ತಿಗೆ, ದೋಹಾದ ಒಂದು ಡ್ರೈವಿಂಗ್ ಸ್ಕೂಲಿನ ಬೇಲಿಗೆ ಒರಗಿ ಮೂಗು ಒರೆಸಿಕೊಳ್ಳುತ್ತಿದ್ದಾಗ. ಕಾರಿನ ಟೆಸ್ಟಿನಲ್ಲಿ ಅವಳು ಅಂದು ಮತ್ತೆ ಫೇಲಾಗಿದ್ದಳು. ಎಷ್ಟನೆಯ ಸಲ ಎಂದು ಲೆಕ್ಕ ಇಡುವುದನ್ನು ಅವಳೂ ಬಿಟ್ಟಿದ್ದಳು, ಪರೀಕ್ಷಕನೂ ಬಿಟ್ಟಿದ್ದ. ಮುಂದಕ್ಕೆ ಹೋಗುವುದರಲ್ಲಿ ಅವಳಷ್ಟು ನಯವಾಗಿ ಕಾರು ಬಿಡುವವರು ಇಡೀ ಬ್ಯಾಚಿನಲ್ಲಿ ಇರಲಿಲ್ಲ. ಹಿಂದಕ್ಕೆ ಎಂದ ಕೂಡಲೇ ಎಡಗೈ ಬಲಗೈಯಾಗಿ, ಬಲಗೈ ಇನ್ಯಾರದ್ದೋ ಆಗಿ, ಪಾರ್ಕಿಂಗಿಗೆಂದು ಇಟ್ಟ ಕಿತ್ತಳೆ ಬಣ್ಣದ ಕೋನುಗಳು ಒಂದೊಂದಾಗಿ ಕಾರಿನ ಅಡಿಗೆ ಸೇರುತ್ತಿದ್ದವು. ಅಂದಂತೂ ಒಂದು ಕೋನು ಬಂಪರಿಗೆ ಸಿಕ್ಕಿಕೊಂಡು ಆಫೀಸಿನ ಬಾಗಿಲವರೆಗೂ ಜೊತೆಗೇ ಬಂದಿತ್ತು.

ಬೇಲಿಯ ಆಚೆ ಬೈಕಿನವರ ಕ್ಲಾಸು ನಡೆಯುತ್ತಿತ್ತು. ಒಬ್ಬ ವಿದ್ಯಾರ್ಥಿ ಗೆರೆ ದಾಟಿ ನಿಲ್ಲಿಸಿದ. ಕಲಿಸುವ ಉಸ್ತಾದ ಬೈದ. ವಿದ್ಯಾರ್ಥಿ ಇಳಿದು, ಹಠಮಾರಿ ಎಮ್ಮೆಯನ್ನು ತಳ್ಳುವಂತೆ ಬೈಕನ್ನು ಹಿಂದಕ್ಕೆ ತಳ್ಳಿದ. ಅಗಾತಾ ಮೂಗು ಒರೆಸುವುದನ್ನು ನಿಲ್ಲಿಸಿದಳು.

“ಭಾಯಿ, ಅದಕ್ಕೆ ರಿವರ್ಸ್ ಇಲ್ವಾ?” ಎಂದು ಹಿಂದಿಯಲ್ಲಿ ಕೇಳಿದಳು.

“ಇಲ್ಲ ಬೆಹೆನ್ ಜಿ,” ಎಂದ ಉಸ್ತಾದ. “ಇದು ಮುಂದೆ ಮಾತ್ರ ಹೋಗ್ತದೆ.”

ಜೀವಮಾನವಿಡೀ ತಾನು ಹುಡುಕುತ್ತಿದ್ದ ವಾಹನ ಇದೇ ಎಂದು ಅವಳಿಗೆ ಆ ಕ್ಷಣ ಅನ್ನಿಸಿತು. ಸೀದಾ ಕೌಂಟರಿಗೆ ಹೋಗಿ ತನ್ನ ಹೆಸರನ್ನು ಕಾರಿನಿಂದ ತೆಗೆದು ಬೈಕಿಗೆ ಹಾಕಿಸಿದಳು.

ಅಗಾತಾ ಉಡುಪಿ ಕಡೆಯ ಶಿರ್ವದವಳು. ಮದುವೆಯಾದ ಮೇಲೆ ಕತಾರಿಗೆ ಬಂದವಳು ಇಲ್ಲಿಯೇ ಇಬ್ಬರು ಮಕ್ಕಳನ್ನು ಬೆಳೆಸಿ ಕಾಲೇಜಿಗೆ ಊರಿಗೆ ಕಳಿಸಿದ್ದಳು. ಅಲ್ ಮುಂತಜಾದ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದಳು. ನೋವಿನಿಂದ ಕೆನ್ನೆ ಹಿಡಿದುಕೊಂಡು ಬಂದವರ ಮಾತು ಯಾವ ಭಾಷೆಯಲ್ಲಿದ್ದರೂ ಅವಳಿಗೆ ಅರ್ಥವಾಗುತ್ತಿತ್ತು. ಮನೆ ಮುಐದರಿನಲ್ಲಿ. ಒಂದು ದೊಡ್ಡ ವಿಲ್ಲಾವನ್ನು ಪಾರ್ಟಿಶನ್ ಹಾಕಿ ಐದು ಕುಟುಂಬಗಳಿಗೆ ಹಂಚಿದ್ದರಲ್ಲಿ ಇವರ ಪಾಲಿಗೆ ಬಂದದ್ದು ಹಿಂದಿನ ಕಾಲದ ಮಜ್ಲಿಸ್, ಅಂದರೆ ಮನೆಯ ಗಂಡಸರು ಅತಿಥಿಗಳನ್ನು ಕೂರಿಸುತ್ತಿದ್ದ ಹಾಲು. ಅದರ ಮೂಲೆಯಲ್ಲಿ ಮಾಡಿಕೊಂಡ ಅಡಿಗೆಮನೆಯ ಮೇಲೂ ತೂಗುದೀಪವಿತ್ತು.

ಕ್ಲಿನಿಕ್ ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ತೆರೆಯುತ್ತಿದ್ದುದರಿಂದ ಅವಳಿಗೆ ದಿನಕ್ಕೆ ಎರಡು ಸಲ ಹೋಗುವುದು, ಎರಡು ಸಲ ಬರುವುದು. ಕ್ಲಿನಿಕ್ಕಿನ ವ್ಯಾನು ಇದ್ದಷ್ಟು ದಿನ ತೊಂದರೆ ಇರಲಿಲ್ಲ. ವ್ಯಾನಿನ ಡ್ರೈವರ್ ರಜೆಗೆಂದು ಊರಿಗೆ ಹೋದವನು ಅಲ್ಲಿ ಪಂಚಾಯತಿ ಚುನಾವಣೆಗೆ ನಿಂತು ಗೆದ್ದು, ವಾಪಸು ಬರಲೇ ಇಲ್ಲ. ಹಾಗೆ ಅಗಾತಾ ಲೈಸೆನ್ಸಿನ ಬೆನ್ನು ಹತ್ತಿದ್ದಳು.

ಅವಳ ಗಂಡ ಲ್ಯಾನ್ಸ್‌ಲಾಟ್ ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಸೇಫ್ಟಿ ಆಫೀಸರ್. ಮನೆಯಲ್ಲಿ ಬಲ್ಬು ಬದಲಿಸುವಾಗಲೂ ಹೆಲ್ಮೆಟ್ ಹಾಕುವ ಮನುಷ್ಯ. ಸಂಜೆ ಕಂಪೆನಿಯ ಬಸ್ಸಿನಿಂದ ಇಳಿದು ಬಂದವನಿಗೆ ಅಗಾತಾ ಚಹಾ ಕೊಟ್ಟು ಸುದ್ದಿ ಹೇಳಿದಳು. ಅವನು ಚಹಾದ ಲೋಟವನ್ನು ಮೇಜಿನ ಅಂಚಿನಿಂದ ದೂರ ಸರಿಸಿಟ್ಟು, ಆಮೇಲೆ ಗಾಬರಿಗೊಂಡ.

“ಅಗ್ಗಿ, ನಿಂಗೆ ತಲೆ ಸರಿ ಉಂಟಾ? ನಾಲ್ಕು ಚಕ್ರದ್ದನ್ನು ಬಿಡ್ಲಿಕ್ಕೆ ಆಗ್ಲಿಲ್ಲ ಅಂತ ಎರಡು ಚಕ್ರದ್ದು ತಗೊಳ್ಳುದಾ?”

“ನಾಲ್ಕು ಚಕ್ರದ್ದು ಹಿಂದೆ ಹೋಗ್ತದೆ ಲ್ಯಾನ್ಸಿ. ಅದೇ ಅದರ ದೋಷ.”

“ಹಿಂದೆ ಹೋಗುದು ದೋಷವಾ?”

“ನಮ್ಮಪ್ಪನ ಸೈಕಲ್ಲು ಯಾವತ್ತಾದ್ರೂ ಹಿಂದೆ ಹೋಗಿತ್ತಾ? ಅದ್ರಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿ ಬರ್ತಿದ್ದೆ, ಒಂದು ಸಲ ಬೀಳ್ಲಿಲ್ಲ.”

ಆ ವಾರವೆಲ್ಲ ಲ್ಯಾನ್ಸ್‌ಲಾಟ್ ಬೆಳಗಿನ ಬಸ್ಸಿಗೆ ಹೊರಡುವ ಮುಂಚೆ ಹೆಂಡತಿಯನ್ನು ಸೋಫಾದ ಕೈಯ ಮೇಲೆ ಕೂರಿಸಿ, ಪ್ಲಾಂಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಾಗೆ ಅಪಾಯಗಳ ಬಗ್ಗೆ ಪುಟ್ಟ ಭಾಷಣ ಮಾಡುತ್ತಿದ್ದ. ಮರಳು, ಟ್ರೇಲರು, ಒಂಟೆ. ಮುಐದರಿನಿಂದ ಮುಂತಜಾಕ್ಕೆ ಹೋಗುವ ದಾರಿಯಲ್ಲಿ ಒಂಟೆ ಎಲ್ಲಿಂದ ಬರುತ್ತದೆ ಎಂದು ಅಗಾತಾ ಕೇಳಿದರೆ, ಬರಲಿಲ್ಲ ಎಂದ ಮಾತ್ರಕ್ಕೆ ಬರುವುದೇ ಇಲ್ಲ ಎಂದು ಅರ್ಥವಲ್ಲ ಎನ್ನುತ್ತಿದ್ದ.

ಕ್ಲಾಸಿನಲ್ಲಿ ಅವಳಿಗೆ ಒಂದೇ ತೊಂದರೆಯಾಯಿತು. ಅಗಾತಾ ಕುಳ್ಳಿ. ಸ್ಕೂಲಿನ ಬೈಕಿನ ಮೇಲೆ ಕೂತರೆ ಪಾದಗಳು ಗಾಳಿಯಲ್ಲಿ. ಓಡುತ್ತಿರುವಾಗ ನೆಟ್ಟಗೆ ಹೋಗುತ್ತಿದ್ದಳು, ಎಂಟರ ಆಕಾರದಲ್ಲಿ ಸುತ್ತುತ್ತಿದ್ದಳು. ನಿಲ್ಲಿಸಿದ ಕೂಡಲೇ ಬೈಕು ಸಮೇತ ನಿಧಾನವಾಗಿ, ಗೌರವದಿಂದ, ಒಂದು ಪಕ್ಕಕ್ಕೆ ಮಲಗಿಬಿಡುತ್ತಿದ್ದಳು. ಉಸ್ತಾದ ಓಡಿ ಬಂದು ಹಿಡಿಯಬೇಕಿತ್ತು. ಕ್ರಮೇಣ ಅವಳು ಏನಾದರೊಂದರ ಪಕ್ಕದಲ್ಲಿಯೇ ನಿಲ್ಲಿಸುವುದನ್ನು ರೂಢಿಸಿಕೊಂಡಳು: ಫುಟ್‌ಪಾತಿನ ಅಂಚು, ಗೋಡೆ, ಇಲ್ಲವೇ ಉಸ್ತಾದನ ಹೆಗಲು. ಟೆಸ್ಟಿನ ದಿನ ಕೊನೆಯಲ್ಲಿ ಫುಟ್‌ಪಾತಿನ ಪಕ್ಕವೇ ನಿಲ್ಲಿಸಲು ಹೇಳಿದರು. ಅವಳು ರಾಣಿಯ ಹಾಗೆ ಕಾಲು ಊರಿ ನಿಂತಳು. ಕಾರಿನ ಟೆಸ್ಟಿನ ಆ ಹಳೆಯ ಪರೀಕ್ಷಕ ಸುದ್ದಿ ಕೇಳಿ ತನ್ನ ಕೋಣೆಯಿಂದ ಹೊರಗೆ ಬಂದು ಕೈ ಕುಲುಕಿ, “ಯಲ್ಲಾ, ಖಲಾಸ್,” ಎಂದ. ಅವನ ಮುಖದಲ್ಲಿ ಅವಳಿಗಿಂತ ಹೆಚ್ಚು ಸಮಾಧಾನವಿತ್ತು.

ಲೈಸೆನ್ಸು ಕೈಗೆ ಬಂತು. ಇನ್ನು ಬೈಕು ಆರಿಸಬೇಕು.

ಅವರ ಬೀದಿಯ ಮೂಲೆಯಲ್ಲಿ ಪಕೀರಬ್ಬನ ಕೆಫೆಟೇರಿಯಾ ಇತ್ತು. ಫರಂಗಿಪೇಟೆಯ ಪಕೀರಬ್ಬ ಕತಾರಿಗೆ ಬಂದಾಗ ಮುಐದರಿನಲ್ಲಿ ಅರ್ಧಕ್ಕರ್ಧ ಮರಳೇ ಇತ್ತಂತೆ. ಕರಕ್ ಎಂಬ ಗಟ್ಟಿ ಹಾಲಿನ ಚಹಾ, ಪರೋಟದ ರೋಲು, ಮೊಟ್ಟೆ ಸ್ಯಾಂಡ್‌ವಿಚ್. ಗಿರಾಕಿಗಳು ಕಾರಿನಿಂದ ಇಳಿಯದೆ ಹಾರ್ನ್ ಹೊಡೆಯುತ್ತಿದ್ದರು, ಅವನು ಮಾತಿನ ನಡುವೆ ಎದ್ದು ಹೋಗಿ ಕೊಟ್ಟು ಬಂದು ಅದೇ ಮಾತನ್ನು ಮುಂದುವರಿಸುತ್ತಿದ್ದ. ಲ್ಯಾನ್ಸ್‌ಲಾಟ್ ಮತ್ತು ಅಗಾತಾ ಸಲಹೆ ಕೇಳಲು ಅವನಲ್ಲಿಗೆ ಹೋದರು.

“ಬಾಯಮ್ಮ, ಬೈಕ್ ಅಂದ್ರೆ ಮೊದಲು ನೋಡ್ಬೇಕಾದ್ದು ಮೈಲೇಜ್,” ಎಂದ ಪಕೀರಬ್ಬ. ಊರ ಕಡೆಯ ಕ್ರೈಸ್ತರನ್ನು ಅವನು ಬಾಯಮ್ಮ, ಪೊರ್ಬುಗಳು ಎಂದೇ ಕರೆಯುತ್ತಿದ್ದ.

“ಇಲ್ಲಿ ಪೆಟ್ರೋಲು ಅಗ್ಗ ಅಲ್ವಾ ಪಕೀರಬ್ಬಾಕ?”

“ಅಗ್ಗ ಹೌದು. ಆದ್ರೂ ಮೈಲೇಜ್ ಕೇಳದೆ ಬೈಕ್ ತಗೊಂಡ್ರು ಅಂತ ಊರಲ್ಲಿ ಗೊತ್ತಾದ್ರೆ ಎಂತ ಹೇಳ್ತಾರೆ?”

“ನಂಗೆ ಎರಡೂ ಕಡೆ ಡಿಸ್ಕ್ ಬ್ರೇಕ್ ಬೇಕು, ಎಬಿಎಸ್ ಬೇಕು,” ಎಂದ ಲ್ಯಾನ್ಸ್‌ಲಾಟ್. “ಮತ್ತೆ ಸ್ಪೀಡ್ ಬರ್ಲೇಬಾರ್ದು.”

“ಸ್ಪೀಡೇ ಬರದಿದ್ರೆ ಅಷ್ಟು ಬ್ರೇಕ್ ಎಂತಕ್ಕೆ ಪೊರ್ಬುಗಳೆ?”

“ಸೇಫ್ಟಿಗೆ.”

ಹೊರಗೆ ಹಾರ್ನ್ ಕೇಳಿಸಿತು. ಪಕೀರಬ್ಬ ಹೋಗಿ ಬಂದ. ಬೈಕು ನೂರಹತ್ತು ಸಿಸಿಯದ್ದು ಸಾಕೋ, ನೂರೈವತ್ತು ಬೇಕೋ ಎಂದು ಗಂಡಸರಿಬ್ಬರೂ ಬಿಸಿಬಿಸಿಯಾಗಿ ವಾದಿಸಿದರು. ಲ್ಯಾನ್ಸ್‌ಲಾಟನ ಪ್ರಕಾರ ಐವತ್ತು ಸಿಸಿ ಧಾರಾಳವಾಯಿತು. ಪಕೀರಬ್ಬನ ಪ್ರಕಾರ ಕಾರುಗಳು ಹಾರಿಹೋಗುವ ಸಲ್ವಾ ರೋಡಿನಲ್ಲಿ ಐವತ್ತು ಸಿಸಿಯಲ್ಲಿ ಹೋಗುವುದೂ ಹಾಸಿಗೆ ಹಾಕಿ ಮಲಗುವುದೂ ಒಂದೇ. ಅಗಾತಾ ಕರಕ್ ಮುಗಿಸಿ ಕಪ್ಪು ಕೆಳಗಿಟ್ಟಳು.

“ನಂಗೆ ಸಿಸಿ ಬೇಡ. ಎರಡು ಪಾದ ನೆಲಕ್ಕೆ ಸಿಕ್ಕಿದ್ರೆ ಸಾಕು. ಎಷ್ಟು ಎತ್ತರದ ಬೈಕು ನಂಗೆ ಆಗ್ತದೆ, ಅದು ಹೇಳಿ.”

ಇದು ಯಾರೂ ಯೋಚಿಸದ ಪ್ರಶ್ನೆಯಾಗಿತ್ತು. ಟೇಪು ಹಿಡಿದು ಒಬ್ಬ ಹೆಂಗಸಿನ ಕಾಲನ್ನು ಅಳೆಯುವುದು ಪಕೀರಬ್ಬನಿಗೆ ಸರಿ ಕಾಣಲಿಲ್ಲ, ಅಂಗಡಿಯಲ್ಲಿ ಅಳೆಯುವುದು ಲ್ಯಾನ್ಸ್‌ಲಾಟನಿಗೂ ಸರಿ ಕಾಣಲಿಲ್ಲ. ಕೊನೆಗೆ ಪಕೀರಬ್ಬ ಹಿಂದಿನ ಸ್ಟೋರ್ ರೂಮಿನ ಬಾಗಿಲು ತೆಗೆದ. ಮೈದಾ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನ ಮೂಟೆಯ ಬಾಯಿ ಬಿಚ್ಚಿ ಇಟ್ಟು, ತಾನು ಗೋಡೆಯ ಕಡೆ ಮುಖ ಮಾಡಿ ನಿಂತ.

“ಹತ್ತಿ ಬಾಯಮ್ಮ. ಕಾಲು ಎರಡು ಬದಿಗೆ ಹಾಕಿ. ಕಾಲು ನೆಲಕ್ಕೆ ಮುಟ್ಟುವವರೆಗೆ ಪೊರ್ಬುಗಳು ಮೈದಾ ತೆಗೀಲಿ.”

ಅಗಾತಾ ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡು ಮೂಟೆ ಏರಿದಳು. ಲ್ಯಾನ್ಸ್‌ಲಾಟ್ ಸ್ಟೀಲ್ ಲೋಟದಲ್ಲಿ ಮೈದಾ ತೆಗೆತೆಗೆದು ಡಬ್ಬಕ್ಕೆ ಸುರಿದ. ಅವಳು ಸ್ವಲ್ಪಸ್ವಲ್ಪವೇ ಇಳಿಯುತ್ತಾ ಬಂದಳು. ಹೆಬ್ಬೆರಳು ತಾಗಿತು. ಆಮೇಲೆ ಮುಂಗಾಲು. ಕೊನೆಗೆ ಎರಡೂ ಹಿಮ್ಮಡಿಗಳು ನೆಲಕ್ಕೆ ಕೂತವು.

“ಸ್ಟಾಪ್!” ಎಂದಳು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದಳು.

ಪಕೀರಬ್ಬ ನೆಲ ಒರೆಸುವ ಮಾಪಿನ ಕೋಲನ್ನು ಮೂಟೆಯ ಪಕ್ಕ ನಿಲ್ಲಿಸಿ, ಸರಿಯಾಗಿ ಆ ಎತ್ತರಕ್ಕೆ ಕೆಂಪು ಟೇಪು ಸುತ್ತಿದ. “ತಗೊಳ್ಳಿ. ಇದಕ್ಕಿಂತ ಒಂದು ಬೆರಳು ಎತ್ತರ ಇದ್ರೂ ಮಾಫಿ, ಬೇಡವೇ ಬೇಡ. ಬೇರೆ ಮಾತೇ ಇಲ್ಲ.”

ಮರುದಿನ ಕ್ಲಿನಿಕ್ಕಿನ ಮಧ್ಯಾಹ್ನದ ಬಿಡುವಿನಲ್ಲಿ ಅಗಾತಾ ಮಾಪಿನ ಕೋಲು ಹಿಡಿದು ಟ್ಯಾಕ್ಸಿ ಹತ್ತಿದಳು. ಮೊದಲ ಶೋರೂಮಿನ ಬಾಗಿಲಿನಲ್ಲಿ ಟೈ ಕಟ್ಟಿದ ಒಬ್ಬ, “ಸಿಸ್ಟರ್, ಕ್ಲೀನಿಂಗಿನವರಿಗೆ ಹಿಂದಿನ ಬಾಗಿಲು,” ಎಂದ. ತಾನು ಗಿರಾಕಿ ಎಂದು ಹೇಳಿದ ಮೇಲೆ ಅವನು ನಾಚಿ, ನೀರು ಕೊಟ್ಟು, “ನಿಮ್ಮ ಬಜೆಟ್ ಎಷ್ಟು ಮೇಡಂ?” ಎಂದು ಕೇಳಿದ.

“ಇಷ್ಟು,” ಎಂದು ಅವಳು ಕೋಲಿನ ಕೆಂಪು ಟೇಪು ತೋರಿಸಿದಳು.

ಅವನು ಇಂಜಿನ್ನಿನ ಬಗ್ಗೆ ಹೇಳುತ್ತಾ ಹೋದ. ಅವಳು ಪ್ರತಿ ಬೈಕಿನ ಪಕ್ಕದಲ್ಲೂ ಕೋಲು ನಿಲ್ಲಿಸಿ ತಲೆಯಾಡಿಸುತ್ತಾ ಮುಂದೆ ಹೋದಳು. ಎಲ್ಲವೂ ಎತ್ತರ. ಇನ್ನೊಂದು ಶೋರೂಮಿನಲ್ಲಿ ಒಂದೇ ಒಂದು ತಗ್ಗಿನ ಬೈಕಿತ್ತು; ಅದರ ಬೆಲೆಗೆ ಶಿರ್ವದಲ್ಲಿ ಬಾವಿ ಸಮೇತ ಜಾಗ ಬರುತ್ತಿತ್ತು, ಮೇಲಾಗಿ ಅದರ ಶಬ್ದಕ್ಕೆ ಶೋರೂಮಿನ ಗಾಜು ನಡುಗಿತು. ಮತ್ತೊಂದು ಕಡೆ ಸ್ಕೂಟರ್ ತೋರಿಸಿದರು. ಅದೂ ಟೇಪಿಗಿಂತ ಎತ್ತರ. ಕೆಲವೇ ದಿನಗಳಲ್ಲಿ ಆ ಬೀದಿಯ ಸೇಲ್ಸ್‌ಮನ್‌ಗಳೆಲ್ಲ ಅವಳನ್ನು ಗುರುತಿಸತೊಡಗಿದರು. ಅವಳು ಒಳಗೆ ಕಾಲಿಡುವ ಮೊದಲೇ ದೂರದಿಂದ ಕೈ ಅಡ್ಡ ಆಡಿಸುತ್ತಿದ್ದರು.

ಲ್ಯಾನ್ಸ್‌ಲಾಟ್ ಒಂದು ಉಪಾಯ ಮಾಡಿದ. ಪ್ಲಾಂಟಿನ ಸೇಫ್ಟಿ ಶೂಗಳ ಅಡಿಗೆ ಇನ್ನೂ ಒಂದು ಅಟ್ಟೆ ಅಂಟಿಸಿ ತಂದ. ಅಗಾತಾ ಅವನ್ನು ಹಾಕಿ ನಿಂತಳು. ಎತ್ತರವೇನೋ ಹೆಚ್ಚಿತು, ಆದರೆ ನಡೆಯಲು ಆಗಲಿಲ್ಲ. ಮಜ್ಲಿಸಿನ ನಡುವೆ ನಿಂತಲ್ಲೇ ಉಳಿದಳು. ಗಂಡ ಎತ್ತಿಕೊಂಡು ಹೋಗಿ ಸೋಫಾದ ಮೇಲೆ ಕೂರಿಸಬೇಕಾಯಿತು.

“ಬೈಕಿನಿಂದ ಇಳೀದಿದ್ರೆ ನಡೆಯುವ ಪ್ರಶ್ನೆಯೇ ಬರುದಿಲ್ಲಲ್ಲ?” ಎಂದು ಅವನು ಕೇಳಿದ.

“ಪೇಶಂಟುಗಳ ಎದುರು ಬೈಕಲ್ಲೇ ಕೂತಿರುದಾ ನಾನು?” ಎಂದಳು.

ಕೊನೆಗೆ ಪಕೀರಬ್ಬನೇ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿಗೆ ಇಬ್ಬರನ್ನೂ ಕರೆದೊಯ್ದ. ಮಲಯಾಳಿ ಯಜಮಾನ ಹಳೆಯ ಬೈಕುಗಳ ಸಾಲನ್ನು ತೋರಿಸಿದ. ಅಗಾತಾ ಕೋಲು ಹಿಡಿದು ಒಂದೊಂದೇ ಅಳೆಯುತ್ತಾ ಬಂದಳು. ಎತ್ತರ, ಎತ್ತರ, ಎತ್ತರ. ಸಾಲಿನ ಕೊನೆಯಲ್ಲಿ ಗೋಡೆಗೆ ಒರಗಿ ನೀಲಿ ಬಣ್ಣದ ಒಂದು ನೂರಿಪ್ಪತ್ತೈದು ಸಿಸಿಯ ಬೈಕಿತ್ತು. ಬೆನ್ನಿಗೆ ಡೆಲಿವರಿ ಡಬ್ಬ. ಅವಳು ಕೋಲು ನಿಲ್ಲಿಸಿದಳು. ಸೀಟು ಸರಿಯಾಗಿ ಕೆಂಪು ಟೇಪಿನ ಮಟ್ಟಕ್ಕಿತ್ತು.

ಅವಳು ಹತ್ತಿ ಕೂತಳು. ಎರಡೂ ಪಾದಗಳು ಹಿಮ್ಮಡಿ ಸಮೇತ ನೆಲಕ್ಕೆ ಹೋದವು.

“ಅಯ್ಯೋ ಚೇಚಿ, ಅದು ಬೇಡ,” ಎಂದ ಗ್ಯಾರೇಜಿನವನು ಸಂಕೋಚದಿಂದ. “ಬ್ರೇಕು, ಚೈನು, ಟಯರು ಎಲ್ಲಾ ಹೊಸತು. ಸೀಟ್ ಮಾತ್ರ ಪೋಯಿ. ಹಿಂದೆ ಇದನ್ನು ಓಡಿಸ್ತಿದ್ದವ ಭಾರೀ ಮನುಷ್ಯ. ಇಷ್ಟು ವರ್ಷ ಕೂತು ಕೂತು ಒಳಗಿನ ಫೋಮ್ ಎಲ್ಲಾ ಚಪ್ಪಟೆ. ಹೊಸ ಸೀಟು ಹಾಕಿ ಕೊಡ್ತೇನೆ. ಫ್ರೀ.”

“ಹೊಸತು ಬೇಡ.”

“ಫ್ರೀ ಚೇಚಿ.”

“ಫ್ರೀ ಆದ್ರೂ ಬೇಡ. ಮುಟ್ಟಬೇಡಿ.”

ಅವನು ಅವಳು ನಾಚಿಕೆಯಿಂದ ಬೇಡವೆನ್ನುತ್ತಿದ್ದಾಳೆ ಎಂದುಕೊಂಡು, ಹುಡುಕಿ ಒಂದು ಉಬ್ಬಿದ ಹೊಸ ಸೀಟನ್ನು ತಂದೇಬಿಟ್ಟ. ಅಗಾತಾ ಬೈಕಿನಿಂದ ಇಳಿಯಲಿಲ್ಲ. ಇಳಿದರೆ ಬದಲಿಸಿಬಿಡುತ್ತಾನೆಂಬ ಭಯ. ಅವನು ಒಳ್ಳೆಯ ಸೀಟು ಕೊಡದೆ ಗಿರಾಕಿಯನ್ನು ಕಳಿಸಿದರೆ ತನ್ನ ಹೆಸರು ಕೆಡುತ್ತದೆ ಎಂದ. ಅವಳು ಒಳ್ಳೆಯ ಸೀಟು ಹಾಕಿದರೆ ತಾನು ಬೀಳುತ್ತೇನೆ ಎಂದಳು. ಪಕೀರಬ್ಬ ಮಲಯಾಳದಲ್ಲಿ ಒಂದಿಷ್ಟು, ಬ್ಯಾರಿ ಭಾಷೆಯಲ್ಲಿ ಒಂದಿಷ್ಟು ಸಮಾಧಾನ ಮಾಡಿದ. ಲ್ಯಾನ್ಸ್‌ಲಾಟ್ ಹೆಲ್ಮೆಟ್ಟು, ಕೈಗವಸು, ಕನ್ನಡಕ ಎಲ್ಲ ಹಾಕಿಕೊಂಡು ಬೈಕಿನ ಅಡಿಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದ. ಬ್ರೇಕು ಹಿಂದೆ ಡ್ರಮ್ಮಿನದ್ದು, ಎಬಿಎಸ್ ಇಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯ ಎರಡೂ ಪಾದಗಳು ನೆಲದ ಮೇಲೆ ಅಷ್ಟು ಭದ್ರವಾಗಿ ಕೂತದ್ದು ಕಣ್ಣಿಗೆ ಬಿತ್ತು.

“ಸೀಟು ತಗ್ಗಿದ್ದು ಡಿಫೆಕ್ಟ್ ಅಲ್ಲ,” ಎಂದು ತೀರ್ಪು ಕೊಟ್ಟ. “ಡಿಸೈನ್ ಚೇಂಜ್.”

ಆ ಶುಕ್ರವಾರ, ಅಂದರೆ ಅಲ್ಲಿನ ವಾರದ ರಜೆಯ ದಿನ, ಚರ್ಚಿನ ಮಾಸಿನಲ್ಲಿ ಅಗಾತಾ ಮಕ್ಕಳಿಗಾಗಿ, ಗಂಡನಿಗಾಗಿ ಪ್ರಾರ್ಥಿಸಿದ ಮೇಲೆ, ತಾನು ಕಂಡೇ ಇರದ ಆ ದಪ್ಪ ಮನುಷ್ಯನಿಗಾಗಿಯೂ ಪ್ರಾರ್ಥಿಸಿದಳು. ಅವನ ಮೈ ಕರಗದಿರಲಿ ಎಂದು ಬೇಡಿಕೊಂಡಳಂತೆ.

ಹೀಗೆ ಅಗಾತಾ ಬೈಕಿನಲ್ಲಿ ಕೆಲಸಕ್ಕೆ ಹೋಗತೊಡಗಿದಳು. ಲ್ಯಾನ್ಸ್‌ಲಾಟ್ ಕೊಟ್ಟ ಮಿಂಚುವ ಹಳದಿ ಜಾಕೆಟ್ಟು, ತಲೆಗೆ ಬಿಳಿ ಹೆಲ್ಮೆಟ್ಟು. ಡಬ್ಬದಲ್ಲಿ ಊಟದ ಕ್ಯಾರಿಯರು, ಕೊಡೆ, ಕ್ಲಿನಿಕ್ಕಿನಲ್ಲಿ ಹಾಕುವ ಚಪ್ಪಲಿ. ದೋಹಾದಲ್ಲಿ ಡಬ್ಬವಿರುವ ಬೈಕೆಂದರೆ ಊಟ ತಂದುಕೊಡುವವರದ್ದೇ ಎಂದು ಲೆಕ್ಕ. ಅವಳು ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಕಾರಿನವರು ಗಾಜಿಳಿಸಿ, ಶವರ್ಮಾ ಎಲ್ಲಿ, ಇಷ್ಟು ತಡ ಯಾಕೆ ಎಂದು ಕೇಳುವುದು ಮಾಮೂಲಾಯಿತು. ಅವಳು ಎಲ್ಲರಿಗೂ ರಿಸೆಪ್ಶನ್ನಿನ ದನಿಯಲ್ಲಿ, “ಬರ್ತಾ ಉಂಟು ಸರ್, ಹತ್ತೇ ನಿಮಿಷ,” ಎನ್ನುತ್ತಿದ್ದಳು. ಅವರು ಸಮಾಧಾನಗೊಂಡು ಹೋಗುತ್ತಿದ್ದರು.

ಜುಲೈ ಬಂತು. ಬೇಸಿಗೆಯ ಉರಿಯಲ್ಲಿ ನಡುಹಗಲು ಡೆಲಿವರಿ ಬೈಕುಗಳು ರಸ್ತೆಗೆ ಇಳಿಯಬಾರದೆಂಬ ನಿಯಮವಿದೆ. ಒಂದು ದಿನ ಅಗಾತಾ ಸಂಜೆಯ ಪಾಳಿಗೆಂದು ಸ್ವಲ್ಪ ಬೇಗ ಹೊರಟಿದ್ದಳು. ದಾರಿಯಲ್ಲಿ ಲ್ಯಾಬಿನಿಂದ ಒಂದು ಹಲ್ಲಿನ ಸೆಟ್ಟು ತರಲು ಡಾಕ್ಟರು ಹೇಳಿದ್ದರು. ಅದನ್ನು ತೆಗೆದುಕೊಂಡು ಮುಂದೆ ಬಂದಾಗ ಪೊಲೀಸ್ ಕಾರೊಂದು ಅವಳನ್ನು ನಿಲ್ಲಿಸಿತು. ಎಳೆಯ ವಯಸ್ಸಿನ ಪೊಲೀಸಿನವನು ಇಳಿದು ಬಂದ. ಹೆಲ್ಮೆಟ್ಟಿನೊಳಗೆ ತನ್ನ ತಾಯಿಯ ವಯಸ್ಸಿನ ಹೆಂಗಸನ್ನು ಕಂಡು ಅವನಿಗೆ ಪಾಪ ಅನ್ನಿಸಿತು.

“ಮದಾಮ್, ಈ ಬಿಸಿಲಲ್ಲಿ ಡೆಲಿವರಿ ಮಮ್ನೂ. ಆಗುವುದಿಲ್ಲ.”

“ನಾನು ಡೆಲಿವರಿ ಅಲ್ಲ ಸರ್. ಡೆಂಟಲ್.”

“ಡಬ್ಬ ತೆಗೀರಿ.”

ತೆಗೆದಳು. ಕೊಡೆಯ ಪಕ್ಕದಲ್ಲಿ, ಪ್ಲಾಸ್ಟಿಕ್ಕಿನ ಪಾರದರ್ಶಕ ಪೆಟ್ಟಿಗೆಯಲ್ಲಿ, ಮೇಲಿನದು ಕೆಳಗಿನದು ಎರಡೂ ಸೇರಿ ಒಂದು ಪೂರ್ತಿ ಹಲ್ಲಿನ ಸೆಟ್ಟು ಪೊಲೀಸಿನವನನ್ನು ನೋಡಿ ನಗುತ್ತಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಇದು ನಿಮ್ಮದಾ?”

ಅಗಾತಾ ತನ್ನ ಹಲ್ಲುಗಳನ್ನು ತೋರಿಸಿದಳು. “ನಂದು ಇಲ್ಲೇ ಉಂಟು. ಅದು ಪೇಶಂಟಿಂದು.”

“ಪೇಶಂಟಿಗೆ ಕೊಡಲು ತೆಗೆದುಕೊಂಡು ಹೋಗ್ತಾ ಇದ್ದೀರಿ?”

“ಹೌದು.”

“ಹಾಗಾದ್ರೆ ಡೆಲಿವರಿ.”

ಅವನು ಅವಳನ್ನು ತನ್ನ ಕಾರಿನ ಏಸಿಯಲ್ಲಿ ಕೂರಿಸಿ, ತಣ್ಣನೆಯ ನೀರು ಕೊಟ್ಟು, ಪಕ್ಕದಲ್ಲಿ ಕೂತು ಯೋಚಿಸಿದ. ಹಲ್ಲು ಊಟದ ಸಾಮಾನಲ್ಲ, ಆದರೆ ಊಟಕ್ಕೆ ಬೇಕಾದದ್ದು. ಮನುಷ್ಯನ ಅಂಗವಲ್ಲ, ಆದರೆ ಒಬ್ಬ ಹೆಂಗಸಿನ ಬಾಯಿಗೆ ಸೇರಿದ್ದು. ಆ ಹೆಂಗಸೋ ಕ್ಲಿನಿಕ್ಕಿನಲ್ಲಿ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದಾಳೆ, ಮೂರು ಸಲ ಫೋನ್ ಬಂದಾಗಿದೆ. ಆಮೇಲೆ ಅವನ ಮುಖ ಅರಳಿತು.

“ಹಲ್ಲು ನನ್ನ ಕಾರಲ್ಲಿ. ನೀವು ನಿಮ್ಮ ಬೈಕಲ್ಲಿ. ನಿಮ್ಮ ಹತ್ರ ಏನೂ ಇಲ್ಲ, ಮಾಫಿ ಡೆಲಿವರಿ. ಯಲ್ಲಾ!”

ಹಾಗೆ ಅಲ್ ಮುಂತಜಾದವರೆಗೂ ಮುಂದೆ ಪೊಲೀಸ್ ಕಾರು, ಅದರ ಡ್ಯಾಶ್‌ಬೋರ್ಡಿನ ಮೇಲೆ ಹಲ್ಲಿನ ಸೆಟ್ಟು, ಹಿಂದೆ ಹಳದಿ ಜಾಕೆಟ್ಟಿನ ಅಗಾತಾ. ಅವಳು ಹಿಂದುಳಿಯದಿರಲಿ ಎಂದು ಅವನು ಮೆಲ್ಲಗೆ ಹೋದ.

ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದವರು ಪುಟ್ಟಮ್ಮ ಎಂಬ ಮಂಡ್ಯ ಕಡೆಯ ಅಜ್ಜಿ. ಮಗಳು ರತ್ನಪ್ರಭಾಳ ಮನೆಗೆ ಬಂದವರು, ಬಂದ ವಾರವೇ ತಮ್ಮ ಹಳೆಯ ಸೆಟ್ಟನ್ನು ಸಮುದ್ರ ನೋಡಲು ಹೋಗಿ ಕೆಮ್ಮಿ ಕಳೆದುಕೊಂಡಿದ್ದರು. ಬಾಗಿಲು ತೆರೆದು ಪೂರ್ತಿ ಯೂನಿಫಾರ್ಮಿನ ಪೊಲೀಸಿನವನು ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ಒಳಗೆ ಬಂದಾಗ ಅಜ್ಜಿ ಮಗಳ ಸೆರಗು ಹಿಡಿದುಕೊಂಡರು.

“ಅಯ್ಯೋ ನಮ್ಮಪ್ಪಾ, ನನ್ ಅಲ್ಲು ಏನ್ ತಪ್ ಮಾಡ್ತು ಅಂತ ಪೊಲೀಸ್ರು ಇಡ್ಕೊಂಡ್ ಬಂದವ್ರೆ?”

ಪೊಲೀಸಿನವನಿಗೆ ಮಾತು ತಿಳಿಯಲಿಲ್ಲ. ಆಶೀರ್ವಾದವಿರಬೇಕೆಂದು ತಲೆ ಬಾಗಿಸಿದ. ಡಾಕ್ಟರು ಸೆಟ್ಟು ಕೂರಿಸಿ, ಕಚ್ಚಿ ನೋಡಲು ಹೇಳಿದರು. ಅದು ಸರಿಯಾಗಿ ಕೂತಿತೋ ಇಲ್ಲವೋ ನೋಡಿಯೇ ಹೋಗುತ್ತೇನೆಂದು ಪೊಲೀಸಿನವನೂ ನಿಂತ. ಪುಟ್ಟಮ್ಮ ಕಟಕಟ ಎಂದು ಎರಡು ಸಲ ಕಚ್ಚಿ, ಅವನ ಕಡೆ ತಿರುಗಿ ನಕ್ಕರು. ಅವನು ಸೆಲ್ಯೂಟ್ ಹೊಡೆದು ಹೋದ. ಅದಾದ ಮೇಲೆ ಅವನ ಇಬ್ಬರು ಚಿಕ್ಕಮ್ಮಂದಿರು ಅದೇ ಕ್ಲಿನಿಕ್ಕಿಗೆ ಹಲ್ಲು ಕಟ್ಟಿಸಲು ಬಂದರು.

ಬಿಸಿಲು ಇಳಿದು ನವೆಂಬರ್ ಬಂದಾಗ ಲ್ಯಾನ್ಸ್‌ಲಾಟ್ ಒಂದು ಶುಕ್ರವಾರ ಬೆಳಗ್ಗೆ ಹೇಳದೆ ಕೇಳದೆ ಹೊರಗೆ ಬಂದು ಬೈಕಿನ ಡಬ್ಬದ ಸ್ಕ್ರೂ ಬಿಚ್ಚತೊಡಗಿದ. ಮಾಸಿಗೆ ಯಾವಾಗಲೂ ಅವರು ಪಕ್ಕದ ಪಾರ್ಟಿಶನ್ನಿನವರ ಕಾರಿನಲ್ಲಿ ಹೋಗುತ್ತಿದ್ದರು.

“ಎಂತ ಮಾಡ್ತಾ ಇದ್ದೀರಿ?” ಎಂದು ಅಗಾತಾ ಬಾಗಿಲಲ್ಲಿ ನಿಂತು ಕೇಳಿದಳು.

“ಇನ್‌ಸ್ಪೆಕ್ಷನ್,” ಎಂದ ಅವನು ತಲೆ ಎತ್ತದೆ. “ಪಿಲಿಯನ್ ಸೀಟು ಹೇಗುಂಟು ಅಂತ ಈವರೆಗೆ ಯಾರೂ ಟೆಸ್ಟ್ ಮಾಡ್ಲಿಲ್ಲ.”

ಅವನು ಹೆಲ್ಮೆಟ್ಟು, ಕನ್ನಡಕ, ಕೈಗವಸು, ಮೊಣಕಾಲಿಗೆ ಪ್ಯಾಡು, ಕೊರಳಿಗೆ ವಿಸಿಲು ಹಾಕಿಕೊಂಡು ಬಂದು ಹಿಂದೆ ಕೂತ. ಹಿಂದಿನ ಸೀಟಿನ ಫೋಮು ಉಬ್ಬಿಯೇ ಇತ್ತು, ಹಾಗಾಗಿ ಅವನು ಹೆಂಡತಿಗಿಂತ ಬಹಳ ಎತ್ತರದಲ್ಲಿ, ಆನೆಯ ಮೇಲಿನ ದೊರೆಯಂತೆ ಕಾಣುತ್ತಿದ್ದ. ಹೊರಟ ಕೂಡಲೇ ಸೂಚನೆಗಳು ಶುರುವಾದವು. “ಅಗ್ಗಿ, ಇಂಡಿಕೇಟರ್. ಅಗ್ಗಿ, ಮಿರರ್. ಅಗ್ಗಿ, ಬೆಕ್ಕು.” ಬೆಕ್ಕು ರಸ್ತೆಯ ಆಚೆಗಿನ ಕಾಂಪೌಂಡಿನ ಮೇಲೆ ಮಲಗಿತ್ತು. ಅಗಾತಾ ನೆಟ್ಟಗೆ ಓಡಿಸಿದಳು. ಕೈ ಮೇಲೆ ತಂಪು ಗಾಳಿ ಹರಿಯುತ್ತಿತ್ತು. ರಸ್ತೆ ಖಾಲಿಯಿತ್ತು.

ದೊಡ್ಡ ರೌಂಡ್‌ಅಬೌಟಿನ ಹತ್ತಿರ ಬರುವಾಗ ಹಿಂದಿನ ಮಾತು ನಿಂತಿತು. ಅವಳು ಬಳುಕಿ ತಿರುವಿಗೆ ಇಳಿದಳು. ಇನ್ನೂ ಮಾತಿಲ್ಲ. ಗಂಡ ಎಲ್ಲೋ ಬಿದ್ದುಹೋದನೋ ಎಂದು ಗಾಬರಿಯಾಗಿ ಕನ್ನಡಿಯಲ್ಲಿ ನೋಡಿದಳು. ಇದ್ದ. ಕನ್ನಡಕದ ಹಿಂದೆ ಕಣ್ಣು ಮುಚ್ಚಿದ್ದ. ಗಲ್ಲ ಮೇಲೆತ್ತಿ ಗಾಳಿ ಕುಡಿಯುತ್ತಿದ್ದ.

ಚರ್ಚಿನ ದಾರಿ ಎದುರಿಗೆ ಬಂದಾಗ ಅವನು ಅವಳ ಹೆಗಲು ಮುಟ್ಟಿದ.

“ಅಗ್ಗಿ, ಮಾಸಿಗೆ ಇನ್ನೂ ಹೊತ್ತುಂಟಲ್ಲ?”

“ಉಂಟು. ಯಾಕೆ?”

“ಇನ್ನೊಂದು ಸುತ್ತು ಹಾಕ್ತೀಯಾ?”

ಅವಳು ಹಾಕಿದಳು. ಆಮೇಲೆ ಮತ್ತೊಂದು. ರೌಂಡ್‌ಅಬೌಟಿನ ನಡುವಿನ ಹುಲ್ಲಿಗೆ ನೀರು ಬಿಡುತ್ತಿದ್ದ ಕೆಲಸಗಾರ ಮೊದಲು ಪೈಪು ಹಿಡಿದು ಸುಮ್ಮನೆ ನೋಡಿದ, ಆಮೇಲೆ ನಕ್ಕ. ಅವರು ಇನ್ನೂ ಸುತ್ತುತ್ತಲೇ ಇರುವುದನ್ನು ಕಂಡು, ದಾರಿ ತಪ್ಪಿದವರೆಂದುಕೊಂಡು, ಪೈಪು ಕೆಳಗಿಟ್ಟು ಎರಡೂ ಕೈ ಎತ್ತಿ ಹೊರಗೆ ಹೋಗುವ ದಾರಿ ತೋರಿಸತೊಡಗಿದ. ಲ್ಯಾನ್ಸ್‌ಲಾಟ್ ಮೇಲಿನಿಂದ ಅವನಿಗೆ ಕೈ ಬೀಸಿದ.